ವಿಮೆಯ ಕಾರ್ಡಿನಲ್ಲಿ ನಾನು ಗಂಡಸು

ಬೈಲಹೊಂಗಲದ ಕಾಲೇಜಿನಲ್ಲಿ ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಪ್ರವೇಶದ ಫೀಜಿನ ಜೊತೆಗೆ ವಿದ್ಯಾರ್ಥಿಗಳ ಆರೋಗ್ಯ ವಿಮೆ ಎಂದು ಕಡ್ಡಾಯವಾಗಿ ಹಣ ಕಟ್ಟಿಸಿಕೊಳ್ಳುತ್ತಿದ್ದರು. ಬೇಡ ಎನ್ನುವ ಹಾಗಿರಲಿಲ್ಲ. ಕಟ್ಟಿದವರಿಗೆ ಒಂದು ಹಳದಿ ಕಾರ್ಡು. ಕಚೇರಿಯ ಹೆಡ್ ಕ್ಲಾರ್ಕು ಕೈಯಿಂದ ಬರೆದುಕೊಡುತ್ತಿದ್ದರು. ನಾನು ಅದನ್ನು ಓದದೆ ಪುಸ್ತಕದಲ್ಲಿಟ್ಟುಕೊಂಡೆ.

ಒಂದು ಸಂತೆಯ ದಿನ ಊರಿಗೆ ಮರಳಲು ಬಸ್ಸು ಹತ್ತುತ್ತಿದ್ದೆ. ಒಂದು ಕಾಲು ಮೆಟ್ಟಿಲ ಮೇಲಿತ್ತು. ಕಂಡಕ್ಟರ್ ಸೀಟಿ ಊದಿಬಿಟ್ಟ. ಬಸ್ಸು ಹೊರಟೇಬಿಟ್ಟಿತು; ಬಿದ್ದ ಏಟಿಗೆ ಬಲಗೈ ಎರಡು ಕಡೆ ಮುರಿಯಿತು. ಬೈಲಹೊಂಗಲದ ಖಾಸಗಿ ದವಾಖಾನೆಯಲ್ಲಿ ಆಪರೇಷನ್ ಮಾಡಿ ಒಳಗೆ ಉಕ್ಕಿನ ಪಟ್ಟಿ ಹಾಕಿದರು.

ಅಪ್ಪ ಮನೋಳಿಯಲ್ಲಿ ಟೇಲರ್. ಹೆಣ್ಣುಮಕ್ಕಳ ಜಂಪರು, ಗಂಡಸರ ಅಂಗಿ ಎರಡನ್ನೂ ಹೊಲಿಯುವವನು. ಯಾರೊಂದಿಗೂ ದನಿ ಏರಿಸಿ ಮಾತಾಡಿದವನಲ್ಲ. ದವಾಖಾನೆಯ ಕಾಗದಗಳನ್ನೆಲ್ಲ ಅಚ್ಚುಕಟ್ಟಾಗಿ ಒಂದು ಚೀಲದಲ್ಲಿಟ್ಟುಕೊಂಡು ಕಾಲೇಜಿಗೆ ಬಂದು ಕೊಟ್ಟ. ಎರಡು ತಿಂಗಳ ಮೇಲೆ ಕರೆ ಬಂತು. ನಾನೂ ಜೊತೆಗೆ ಹೋದೆ, ಕೈ ಇನ್ನೂ ಕೊರಳಿನಿಂದ ಜೋತುಬಿದ್ದಿತ್ತು.

ಕ್ಲಾರ್ಕು ಕುರ್ಚಿ ತೋರಿಸಲಿಲ್ಲ.

"ಕಂಪನಿಯವರು ವಾಪಸ್ ಕಳಿಸ್ಯಾರ್ರೀ ಯಜಮಾನ್ರ. ಕಾರ್ಡಿನ್ಯಾಗ ಗಂಡಸು ಅಂತ ಐತಿ. ದವಾಖಾನಿ ಕಾಗದದಾಗ ಹೆಣ್ಣಮಗಳು ಅಂತ ಐತಿ. ನಾ ಏನ್ ಮಾಡ್ಲಿ?"

"ಕಾರ್ಡ್ ಬರದವರು ನೀವ ಅಲ್ರೀ ಸಾಹೇಬ್ರ?" ಅಪ್ಪ ಮೆಲ್ಲಗೆ ಕೇಳಿದ.

"ನಾ ನೂರಾ ಎಂಟು ಕೆಲಸ ಮಾಡ್ತೇನಿ. ನಿಮ್ಮ ಮಗಳು ಹೆಣ್ಣ ಅದಾಳ ಅಂತ ಸರ್ಕಾರಿ ಡಾಕ್ಟರ್ ಕಡಿಂದ ಸರ್ಟಿಫಿಕೇಟ್ ತರ್ರಿ. ಆಮ್ಯಾಲ ನೋಡೂಣು."

ಪಕ್ಕದ ಮೇಜಿನ ಇಬ್ಬರು ನಕ್ಕರು. ಹೊರಗೆ ಸಾಲಿನಲ್ಲಿದ್ದ ಹುಡುಗರೂ ನಕ್ಕರು. ಅಪ್ಪ ತಲೆಯ ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡು, "ಆತ್ರೀ" ಅಂದ. ಆ "ಆತ್ರೀ" ನನಗೆ ಮುರಿದ ಕೈಗಿಂತ ಹೆಚ್ಚು ನೋಯಿಸಿತು.

ಸವದತ್ತಿಯ ಸರ್ಕಾರಿ ದವಾಖಾನೆಗೆ ಹೋದೆವು. ಅಲ್ಲಿಯ ವಯಸ್ಸಾದ ಡಾಕ್ಟರು ಸಂಗತಿ ಕೇಳಿ, ಕನ್ನಡಕ ತೆಗೆದು, ನನ್ನ ಕಡೆ ನೋಡಲಾಗದೆ ಕಾಗದದ ಮೇಲೇ ಕಣ್ಣಿಟ್ಟು ಬರೆದುಕೊಟ್ಟರು. ಅದನ್ನು ತಂದುಕೊಟ್ಟಾಗ ಕ್ಲಾರ್ಕು ಹೇಳಿದ್ದು ಇಷ್ಟೇ: "ಕಾಗದ ಕೊಡೂ ಮುದ್ದತ್ತು ಮುಗದೈತಲ್ಲವಾ. ಇನ್ನ ಏನೂ ಆಗೂದಿಲ್ಲ."

ಅಪ್ಪ, "ಹೋಗ್ಲಿ ಬಿಡ, ಕೈ ಕೂಡಿತಲ್ಲ" ಅಂದ. ನಾನು ಬಿಡಲಿಲ್ಲ. ಹಗಲೆಲ್ಲ ಅದೇ ಯೋಚನೆ. ಕಚೇರಿಗೆ ಕಲ್ಲು ಹೊಡೆಯಬೇಕು, ಕ್ಲಾರ್ಕು ಬಸ್‌ನಿಲ್ದಾಣದವರೆಗೆ ತುಳಿಯುವ ಸೈಕಲ್ಲಿನ ಗಾಳಿ ಬಿಡಬೇಕು ಎಂದೆಲ್ಲ ಅಂದುಕೊಳ್ಳುತ್ತಿದ್ದೆ. ಒಂದು ದಿನ ಹುಡುಗಿಯರ ಕೋಣೆಯಲ್ಲಿ ಗೆಳತಿಯೊಬ್ಬಳ ಕಾರ್ಡು ನೋಡಿದೆ. ಅದರಲ್ಲೂ ಲಿಂಗದ ಮುಂದೆ ‘ಪು’. ಇನ್ನೊಬ್ಬಳದರಲ್ಲೂ ‘ಪು’. ನಮ್ಮ ವರ್ಗದ ಒಬ್ಬ ಹುಡುಗಿಯೂ ಹುಡುಗಿಯಾಗಿರಲಿಲ್ಲ! ಮೊದಲು ನಕ್ಕೆವು. ಆಮೇಲೆ ನಾನು ಎಲ್ಲರ ಕಾರ್ಡು ಕೂಡಿಸಿಕೊಂಡೆ.

ಪರೀಕ್ಷೆಯ ಫೀಜು ಕಟ್ಟುವ ದಿನ ಕಚೇರಿಯ ಕಿಟಕಿಯ ಮುಂದೆ ಎರಡು ಸಾಲು, ಗಂಡುಹುಡುಗರದು ಬೇರೆ, ನಮ್ಮದು ಬೇರೆ. ನಾವೆಲ್ಲ ಹೋಗಿ ಹುಡುಗರ ಸಾಲಿನಲ್ಲಿ ನಿಂತೆವು. ಎಲ್ಲರಿಗಿಂತ ಮುಂದೆ ನಾನು.

ಕ್ಲಾರ್ಕು ಕಿಟಕಿಯಿಂದ ಮುಖ ಹೊರಹಾಕಿದರು. "ಏ, ಆ ಕಡೆ ಸಾಲಿಗೆ ಹೋಗ್ರಿ!"

"ಇಲ್ರೀ ಸರ," ಅಂದೆ. "ನಿಮ್ಮ ದಫ್ತರದಾಗ ನಾವು ಗಂಡಸರ ಅದೇವಿ. ಇಲ್ಲೇ ನಿಂದರಬೇಕು."

"ತಲಿ ಕೆಟ್ಟೈತೇನ್?"

"ಕೆಟ್ಟೈತೋ ಇಲ್ಲೋ, ಅದಕ್ಕೂ ಸರ್ಟಿಫಿಕೇಟ್ ತರ್ಲೇನ್ರೀ?"

ಈ ಸಲ ನಗು ಅವರ ಕಡೆ ತಿರುಗಿತು. ಅಂದು ನಕ್ಕ ಹುಡುಗರೇ ಸೀಟಿ ಹೊಡೆದರು. ಗದ್ದಲ ಕೇಳಿ ಪ್ರಿನ್ಸಿಪಾಲರು ಹೊರಬಂದರು. ನಾನು ಕಾರ್ಡುಗಳ ಕಟ್ಟನ್ನು ಎಡಗೈಯಿಂದ ಅವರ ಕೈಗಿಟ್ಟೆ. ಅವರು ಒಂದೊಂದನ್ನೇ ನೋಡಿ, ಕಚೇರಿಯ ಪಟ್ಟಿ ತರಿಸಿದರು. ಪಟ್ಟಿಯ ಮೊದಲ ಹೆಸರು ಹುಡುಗನದು. ಕ್ಲಾರ್ಕು ಅವನ ಮುಂದೆ ‘ಪು’ ಎಂದು ಬರೆದು, ಕೆಳಗಿನವರಿಗೆಲ್ಲ ಮೇಲಿನಂತೆ ಎಂಬ ಗೆರೆ ಎಳೆದುಕೊಂಡು ಹೋಗಿದ್ದರು; ಕಾರ್ಡುಗಳಿಗೂ ಅದೇ ಇಳಿದಿತ್ತು. ಅಷ್ಟೇ. ಅವರ ಕೈಗೆ ಬೇಸರ ಬಂದಿತ್ತು, ಅದಕ್ಕಾಗಿ ನನ್ನಪ್ಪ ಅಷ್ಟು ಜನರ ಮುಂದೆ ನಿಂತು ನಗೆಗೀಡಾಗಿದ್ದ.

"ಹುಡುಗ್ಯಾರ ಕಾರ್ಡೆಲ್ಲಾ ಇವತ್ತ ಬರದು ಮುಗಿಸ್ರಿ. ಅಲ್ಲೀತನಾ ಮನಿಗೆ ಹೋಗಬ್ಯಾಡ್ರಿ," ಎಂದರು ಪ್ರಿನ್ಸಿಪಾಲರು.

ಒಬ್ಬಳನ್ನು ಬಿಟ್ಟು ಉಳಿದ ಹುಡುಗಿಯರು ಮನೆಗೆ ಹೋದರೂ ನಾನು ಹೋಗಲಿಲ್ಲ. ಕ್ಲಾರ್ಕಿನ ಮೇಜಿನ ಎದುರು ನಿಂತೆ. ಕೂಡು ಅಂದರೂ ಕೂಡಲಿಲ್ಲ. ಒಂದು ಕಾರ್ಡಿನಲ್ಲಿ ಬರೀ ‘ಸ್ತ್ರೀ’ಯಂಥ ಒಂದು ಸೊಟ್ಟ ಗೀಟು ಕಂಡಿತು. "ಬಿಡಿಸಿ ಬರೀರಿ ಸರ, ಕಂಪನಿಯವರಿಗೆ ತಿಳಿಯೂದಿಲ್ಲ" ಎಂದು ಅದನ್ನು ಹರಿದು ಹಾಕಿಸಿ ಹೊಸದು ಬರೆಸಿದೆ. ಅವರ ಕಿತ್ತೂರಿನ ಬಸ್ಸು ಹೋಯಿತು. ಹೆಬ್ಬೆರಳು ತಿಕ್ಕಿಕೊಳ್ಳತೊಡಗಿದರು. ಉಳಿದಿದ್ದ ಒಬ್ಬ ಗೆಳತಿ ಪಾಪ ಎಂದು ನೀರು ತಂದುಕೊಟ್ಟಳು. ಹೊರಗೆ ಬಂದ ಮೇಲೆ ನಾನು ಅವಳನ್ನು ಬೈದೆ. ಆಕೆ ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಳು. ಅದಕ್ಕೂ ನನಗೆ ಪಶ್ಚಾತ್ತಾಪವಾಗಲಿಲ್ಲ.

ಪ್ರಿನ್ಸಿಪಾಲರು ಕಂಪನಿಗೆ ಕಾಗದ ಬರೆದರು. ಮುದ್ದತ್ತು ಮೀರಿದ್ದರಿಂದ ಆಗುವುದಿಲ್ಲ ಎಂದೇ ಉತ್ತರ ಬಂತು. ವಿಮೆಯಿಂದ ನಮಗೆ ಏನೂ ಸಿಗಲಿಲ್ಲ. ಅಪ್ಪನಿಗೆ ಕಿಟಕಿಯ ಸಂಗತಿ ಹೇಳಿದರೆ ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಅವನು ಹೊಲಿಯುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ, "ಅವರೂ ವಯಸ್ಸಾದವರು ಇದ್ರು" ಅಂದ. ನನಗೆ ಅಪ್ಪನ ಮೇಲೂ ಸಿಟ್ಟು ಬಂತು.

ಮುಂದಿನ ವರ್ಷ ಪ್ರವೇಶದ ದಿನಗಳಲ್ಲಿ ದಿನಾಲೂ ಕಚೇರಿಯ ಕಟ್ಟೆಯ ಮೇಲೆ ಕುಳಿತೆ. ಹಳದಿ ಕಾರ್ಡು ಹಿಡಿದು ಬರುವ ಒಬ್ಬೊಬ್ಬ ಹುಡುಗಿಯನ್ನೂ ಕರೆದು, "ಓದಿ ನೋಡಿ ಹೋಗ" ಎನ್ನುತ್ತಿದ್ದೆ. ತಪ್ಪು ಸಿಕ್ಕರೆ ಅಲ್ಲಿಂದಲೇ ತಿರುಗಿ ಕಳಿಸುತ್ತಿದ್ದೆ. ನನ್ನನ್ನು ಕಂಡೊಡನೆ ಕ್ಲಾರ್ಕು ಪೆನ್ನು ಕೆಳಗಿಡುತ್ತಿದ್ದರು. ಅದನ್ನು ನೋಡಲೆಂದೇ ಹೋಗುತ್ತಿದ್ದೆ.

ಎಷ್ಟೋ ವರ್ಷಗಳಾದ ಮೇಲೆ ರಾಮದುರ್ಗದ ಬಸ್ಸಿನಲ್ಲಿ ಅವರು ಸಿಕ್ಕರು. ನಿವೃತ್ತರಾಗಿದ್ದರು, ಪಕ್ಕದಲ್ಲಿ ಹೆಂಡತಿ. ನನ್ನನ್ನು ಗುರುತು ಹಿಡಿದು ಕೇಳಿದರು: "ಕೈ ಹೆಂಗೈತವಾ ಈಗ?"

ಆ ಕಚೇರಿಯಿಂದ ಒಬ್ಬರಾದರೂ ಅದನ್ನು ಕೇಳಿದ್ದು ಅದೇ ಮೊದಲು. ಚಳಿಗಾಲದಲ್ಲಿ ಆ ಕೈಯಿಂದ ಕೊಡ ಎತ್ತಲಾಗುವುದಿಲ್ಲ. "ಚಲೋ ಐತ್ರೀ" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದೆ. ಕ್ಷಮಿಸಿದಳು ಎಂದು ಅವರು ತಿಳಿದುಕೊಂಡಿರಬಹುದು. ಕ್ಷಮಿಸಿರಲಿಲ್ಲ. ನನ್ನ ನೋವು ಕೇಳಿ ಅಯ್ಯೋ ಎನ್ನುವ ಸಮಾಧಾನವನ್ನೂ ಅವರಿಗೆ ಕೊಡಲು ನನಗೆ ಮನಸ್ಸಿರಲಿಲ್ಲ.