ಸೀತಜ್ಜಿಯ ಬಾವಿ ಮತ್ತು ನನ್ನ ಗುಳ್ಳೆಗಳು

ಗುಳ್ಳೆ ಕಂಡು ಕುಣಿದಾಡಿದ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಅರವತ್ತರ ದಶಕದಲ್ಲಿ, ಸಾಗರ ಪೇಟೆಯಲ್ಲಿ ನೀರು ಪರೀಕ್ಷಿಸುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಾನು ಕುಣಿದಿದ್ದೇನೆ.

ಪರೀಕ್ಷೆಯೇನೋ ಬಲು ಸೊಗಸು. ನೀರಿನಲ್ಲಿ ಟೈಫಾಯ್ಡನ್ನೇ ಹುಡುಕುತ್ತ ಕೂರಬೇಕಾಗಿಲ್ಲ. ಮನುಷ್ಯರ, ದನಕರುಗಳ ಕರುಳಿನಲ್ಲಿ ಸುಖವಾಗಿರುವ ಬ್ಯಾಕ್ಟೀರಿಯಾಗಳು ಸಿಕ್ಕರೆ ಸಾಕು, ನೀರಿಗೆ ಹೊಲಸು ಸೇರಿದೆ ಎಂದರ್ಥ. ಜಗಲಿಯಲ್ಲಿ ಚಪ್ಪಲಿ ಕಂಡರೆ ಒಳಗೆ ನೆಂಟರಿದ್ದಾರೆ ಎನ್ನುವುದಿಲ್ಲವೆ, ಹಾಗೆ. ಹಾಲಿನ ಸಕ್ಕರೆ ಬೆರೆಸಿದ ಸಾರಿಗೆ ಆ ನೀರು ಹಾಕಿ ಬೆಚ್ಚಗಿಟ್ಟರೆ ಈ ಪುಣ್ಯಾತ್ಮರು ಉಂಡು ತೇಗುತ್ತಾರೆ. ಆ ತೇಗೇ ಗಾಜಿನ ಕೊಳವೆಯಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ!

ನಿಟ್ಟೂರಿನ ಕಡೆಯ ಒಂದು ಶಾಲೆಯ ಮಕ್ಕಳಿಗೆ ಜ್ವರ ಬಂತು. ಅವರಿಗೆ ದಿನವೂ ನೀರು ಸೇದಿ ಕೊಡುತ್ತಿದ್ದವಳು ಪಕ್ಕದ ಮನೆಯ ಸೀತಜ್ಜಿ. ನಾನು ಹೋದಾಗ ಮಡಿಯ ಹೊತ್ತು, ಬಾವಿಕಟ್ಟೆ ಹತ್ತುವಂತಿಲ್ಲ. ಕುದಿಸಿ ಬಾಯಿ ಕಟ್ಟಿದ್ದ ಬಾಟಲಿಯನ್ನು ಅಜ್ಜಿಗೇ ಕೊಟ್ಟು, ಜಗಲಿಯಲ್ಲಿ ಅವಲಕ್ಕಿ ಮೆಲ್ಲುತ್ತ ಕೂತೆ. ಬಾಟಲಿ ತುಂಬಿ ಬಂತು.

ಎರಡು ದಿನಕ್ಕೆ ಕೊಳವೆ ಕೊಳವೆಯಲ್ಲೂ ಗುಳ್ಳೆ! ಸಿಕ್ಕಿಬಿದ್ದ ಕಳ್ಳ ಎಂದು ಕುಣಿದೆ. ಕುಡಿಯಬಾರದೆಂದು ಬಾವಿಗೆ ಬೋರ್ಡು ಬಿತ್ತು.

ವಾರದ ಮೇಲೆ ಹೋದರೆ ಅಜ್ಜಿಯ ಕಣ್ಣು ಕೆಂಪಗಿತ್ತು. "ನಲವತ್ತು ವರ್ಷ ನಾ ನೀರು ಕೊಟ್ಟಿ. ಈಗ ಒಂದು ಮಗುವೂ ಈ ಬದಿಗೆ ಬತ್ತಿಲ್ಲೆ. ನಿನ್ನ ಬಾಟ್ಲಿಯನ್ನೂ ನಾ ಶುದ್ಧ ಮಾಡಿಯೇ ಕೊಟ್ಟಿದ್ದಿ!"

"ಶುದ್ಧ ಮಾಡಿದ್ರಾ? ಹೇಗೆ ಅಜ್ಜಿ?"

"ಬಸ್ಸಲ್ಲಿ ಯಾರ್ಯಾರ್ ಮುಟ್ಟಿದ್ವೋ ಎಂತೇನ! ಒಳಗೂ ಹೊರಗೂ ಸಗಣಿನೀರಲ್ಲಿ ತೊಳೆದಿ."

ಅಯ್ಯೋ ದೇವರೇ! ನಾನು ಹಿಡಿದ ಕಳ್ಳ ಬಾವಿಯವನಲ್ಲ, ಕೊಟ್ಟಿಗೆಯವನು! ಅವಲಕ್ಕಿಯ ಆಸೆಗೆ ಒಬ್ಬ ಮುದುಕಿಯ ಮಾನ ಕಳೆದೆನಲ್ಲ ಎಂದು ನಾಚಿಕೆಯಾಯಿತು. ಕಾಲು ತೊಳೆದು ಕಟ್ಟೆ ಹತ್ತಿ, ಹೊಸ ಬಾಟಲಿಯನ್ನು ನಾನೇ ಇಳಿಬಿಟ್ಟೆ. ಮಕ್ಕಳು ಆಟದ ನಡುವೆ ಬಾಯಿ ಹಾಕುತ್ತಿದ್ದ ಹಳ್ಳದ ನೀರನ್ನೂ ತುಂಬಿಕೊಂಡೆ. ಎರಡು ದಿನ ಕೊಳವೆಗಳನ್ನೇ ಕಾಯುತ್ತ ಕೂತೆ. ಹಳ್ಳದ ನೀರಿನಲ್ಲಿ ಗುಳ್ಳೆಯೋ ಗುಳ್ಳೆ. ಬಾವಿಯದರಲ್ಲಿ ಒಂದೂ ಇಲ್ಲ!

ಮೊದಲ ಬಸ್ಸಿಗೇ ಹೋಗಿ, ಬೋರ್ಡು ಕಿತ್ತು, ಶಾಲೆಯನ್ನೆಲ್ಲ ಬಾವಿಯ ಬಳಿ ಕೂಡಿಸಿ ವರದಿ ಓದಿದೆ. ಒಂದು ಮಗುವೂ ನೀರಿಗೆ ಮುಂದೆ ಬರಲಿಲ್ಲ. ಅಜ್ಜಿ ಕೊಡ ಎತ್ತಿ ನನ್ನತ್ತ ತಿರುಗಿದಳು.

"ಓದಿದ್ದು ಸಾಕು. ಮೊದ್ಲು ನೀ ಕುಡಿ, ನೋಡನ."

ನಿಮ್ಮ ಹತ್ತಿರ ಮುಚ್ಚುಮರೆಯೇನು? ಈ ಕೆಲಸಕ್ಕೆ ಸೇರಿದಂದಿನಿಂದ ನಾನು ಕುದಿಸದ ನೀರು ಮುಟ್ಟಿರಲಿಲ್ಲ. ಕೊಳವೆಯನ್ನು ನಂಬುವುದು ಬೇರೆ, ಗಂಟಲನ್ನು ನಂಬಿಸುವುದು ಬೇರೆ. ಬೊಗಸೆಯೊಡ್ಡಿ, ಕಣ್ಣು ಮುಚ್ಚಿ ಕುಡಿದೆ. ಆಹಾ, ಎಂಥ ತಂಪು! ಇನ್ನೊಂದು ಬೊಗಸೆ ಕುಡಿದೆ, ಮತ್ತೊಂದು.

ಪುಟ್ಟ ಹುಡುಗಿಯೊಬ್ಬಳು ಮೊಣಕೈಯಿಂದ ನನ್ನನ್ನು ತಿವಿದಳು. "ಸಾಕು ಸಾರ್, ಸ್ವಲ್ಪ ಆಚೆ ಸರೀರಿ. ನಂಗೂ ಬಾಯಾರಿಕೆ ಆಗಿದೆ."