ಜ್ವರದ ದಿನ ಕಾಣೆಯಾದ ಸೈನಿಕರು

ಮದುವೆಯಾದ ಮೂರನೇ ತಿಂಗಳಿಗೆ ನನ್ನ ಸೈನ್ಯದಲ್ಲಿ ಒಬ್ಬೊಬ್ಬರೇ ಕಾಣೆಯಾಗತೊಡಗಿದರು. ಸೈನ್ಯವೆಂದರೆ ಅಂಗೈಯಗಲದ ಯಂತ್ರದಲ್ಲಿ ಆಡುವ ಒಂದು ಜಪಾನಿ ವಿಡಿಯೋ ಗೇಮಿನೊಳಗಿನದು. ಮೊದಲಿನಿಂದ ಕೊನೆಯವರೆಗೂ ಯುದ್ಧ, ಹೊಗೆ, ಸುಟ್ಟ ಊರುಗಳು. ನಗುವ ಮುಖ ಒಂದೂ ಇಲ್ಲ. ಗಾಯಗೊಂಡ ಸೈನಿಕರ ಮುಖ ಬಿಳಿಚಿಕೊಳ್ಳುತ್ತದೆ, ಅವರನ್ನು ಶಿಬಿರದಲ್ಲಿ ಮಲಗಿಸಿ ದಿನಗಟ್ಟಲೆ ಕಾಯಬೇಕು. ಸತ್ತವರಾಗಲಿ, ನಾವೇ ಶಿಬಿರದಿಂದ ಹೊರಗೆ ಕಳಿಸಿದವರಾಗಲಿ ಮತ್ತೆ ಬರುವುದಿಲ್ಲ. ಇಪ್ಪತ್ತು ಜನರಲ್ಲಿ ಒಬ್ಬರನ್ನೂ ಕಳೆದುಕೊಳ್ಳದೆ ನಾನು ಎರಡು ವರ್ಷ ಆಡಿದ್ದೆ. ಆ ಜಂಬ ನನಗಿತ್ತು.

ಮೊದಲು ಹೋದವಳು ಬಿಲ್ಲು ಹಿಡಿಯುವ ಹುಡುಗಿ. ಸಂಜೆ ಕೋಲಾರದ ಆಫೀಸಿನಿಂದ ಬಸ್ಸಿಳಿದು ಮನೆಗೆ ಬಂದು ಗೇಮು ತೆರೆದು ನೋಡಿದರೆ ಶಿಬಿರದಲ್ಲಿ ಅವಳ ಹಾಸಿಗೆ ಖಾಲಿ. ಎಲ್ಲೋ ನಾನೇ ತಪ್ಪು ಗುಂಡಿ ಒತ್ತಿರಬೇಕು ಅಂದುಕೊಂಡೆ. ನಾಲ್ಕೈದು ದಿನ ಬಿಟ್ಟು ಇನ್ನಿಬ್ಬರು ಹೋದರು. ಆಗ ನನ್ನ ಬುದ್ಧಿ ಎದ್ದು ಕೂತಿತು.

ಹೇಳಿಬಿಡುತ್ತೇನೆ, ನಾನು ಅನುಮಾನದ ಮನುಷ್ಯ. ಟೊಮೆಟೊ ಬಾಕ್ಸ್ ಕಂಡರೆ ಮೇಲಿನ ಸಾಲು ಬಿಟ್ಟು ತಳಕ್ಕೆ ಕೈ ಹಾಕುವವನು. ಮುಳಬಾಗಿಲು ಕಡೆಯ ನಮ್ಮ ಹಳ್ಳಿಮನೆಯಲ್ಲಿ ಇದ್ದದ್ದು ಮೂವರೇ. ಅಮ್ಮನಿಗೆ ರೇಷ್ಮೆ ಹುಳವೇ ಪ್ರಪಂಚ, ಟಿವಿ ರಿಮೋಟನ್ನೂ ಮುಟ್ಟುತ್ತಿರಲಿಲ್ಲ. ಉಳಿದವಳು ನನ್ನ ಹೆಂಡತಿ. ಶ್ರೀನಿವಾಸಪುರದವಳು, ಡಿಗ್ರಿ ಓದಿದವಳು, ಇಂಗ್ಲಿಷ್ ಬರುತ್ತದೆ. ಕಾರಣವೂ ಇತ್ತು. ಸಂಜೆ ಅವಳ ಜೊತೆ ಮಾತಾಡುವ ಹೊತ್ತಿನಲ್ಲಿ ನಾನು ಯುದ್ಧ ಮಾಡುತ್ತಿದ್ದೆ.

ನೇರವಾಗಿ ಕೇಳಬಹುದಿತ್ತು. ಆದರೆ ಮೂವತ್ತು ದಾಟಿದ ಗಂಡಸು ಹೆಂಡತಿಯ ಮುಂದೆ ನಿಂತು ‘ನನ್ನ ಸೈನಿಕರೆಲ್ಲಿ’ ಎನ್ನುವುದು ಹೇಗೆ? ಬೀರುವಿನಲ್ಲಿಟ್ಟ ಗೇಮಿನ ಚೀಲದ ಮೇಲೆ ದಾರದೆಳೆಯೊಂದನ್ನು ಇಟ್ಟುಹೋದೆ. ಸಂಜೆ ದಾರ ನೆಲದ ಮೇಲಿತ್ತು. ಊಟಕ್ಕೆ ಕೂತಾಗ, “ಈ ಮನೇಲಿ ಯಾರನ್ನ ನಂಬೋದೋ” ಎಂದೆ. ಅವಳು ಸುಮ್ಮನೆ ಸಾರು ಬಡಿಸಿದಳು. ಆ ಸುಮ್ಮನಿರುವಿಕೆಯೂ ಕಳ್ಳತನದಂತೆ ಕಂಡಿತು. ಇದನ್ನು ಮುಚ್ಚಿಡುವವಳು ಇನ್ನೇನೇನು ಮುಚ್ಚಿಟ್ಟಿರಬಹುದು? ಅವಳು ಸ್ನಾನಕ್ಕೆ ಹೋದಾಗ ಅವಳ ಫೋನು ತೆಗೆದು ನೋಡಿದೆ. ತಂಗಿಗೆ ಕಳಿಸಿದ ಅಡುಗೆಯ ಫೋಟೋಗಳು, ತವರಿನ ಮಾತು, ಅಷ್ಟೇ. ಏನೂ ಸಿಗಲಿಲ್ಲವೆಂದು ಸಮಾಧಾನವಾಗಲಿಲ್ಲ, ಅಳಿಸಿರಬೇಕು ಅನ್ನಿಸಿತು. ಇವಳ ಜೊತೆ ಜೀವನಪೂರ್ತಿ ಬಾಳುವುದು ಹೇಗೆಂದು ನಿಜಕ್ಕೂ ಹೆದರಿಕೆಯಾಯಿತು.

ಏಳು ಜನ ಹೋದ ಮೇಲೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಯಾರಿಗೂ ಹೇಳದೆ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲಿನಿಂದ ಒಳಬಂದೆ. ಹುಳದ ಮನೆಯ ಜಗಲಿಯ ಮೇಲೆ ಅಮ್ಮ ಕಾಲು ಚಾಚಿ ಕೂತು, ನನ್ನ ಗೇಮನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಪಕ್ಕದಲ್ಲಿ ನನ್ನ ಹೆಂಡತಿ ಅಡುಗೆಗೆ ಸೊಪ್ಪು ಸೋಸುತ್ತಿದ್ದಳು.

“ಅಮ್ಮಾಯಿ, ಬಯಟಿಕಿ ಪಂಪೇ ಬಟನು ಏದಿ?” ಎಂದಳು ಅಮ್ಮ. ಸೊಸೆಯ ಜೊತೆ ಅವಳ ಮಾತು ತೆಲುಗಿನಲ್ಲೇ; ಹೊರಗೆ ಕಳಿಸುವ ಗುಂಡಿ ಯಾವುದೆಂದು ಕೇಳುತ್ತಿದ್ದಳು. ಹೆಂಡತಿ ಬೆರಳು ಚಾಚಿ ತೋರಿಸಿದಳು.

ನಾನು ಕೆಮ್ಮಿದೆ. ಅಮ್ಮ ಗೇಮನ್ನು ಸೆರಗಿನಡಿ ಬಚ್ಚಿಡಲು ನೋಡಿ, ಆಗಲಿಲ್ಲವೆಂದು ನನ್ನನ್ನೇ ಗದರಿದಳು. “ಏನ್ಲಾ ನೀನು, ಇಂಥಾವ್ರನ್ನೆಲ್ಲ ಒಳಗೆ ಇಟ್ಕೊಂಡಿದ್ದೀಯ? ನೋಡು, ಹೆಂಗೆ ಬೆಳ್ಳಗಾಗವ್ನೆ. ಹಾಲುತೊಂಡೆ ರೋಗ ಬಂದ ಒಂದು ಹುಳ ಬಿಟ್ರೆ ತಟ್ಟೆ ತಟ್ಟೆನೇ ಹೋಗ್ತದೆ ಕಣೋ. ಮಿಕ್ಕೋರಿಗೆ ಅಂಟಲ್ವಾ?”

ಆಗ ಗೊತ್ತಾಯಿತು. ಹುಳ ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅವತ್ತು ಹುಳಕ್ಕೆ ಸೊಪ್ಪು ಹಾಕುವಂತಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಬರುವ ಆ ಜ್ವರದ ದಿನವೇ ಅಮ್ಮನಿಗೆ ಬಿಡುವು. ಆ ಬಿಡುವಿನಲ್ಲೂ ಅವಳು ರೋಗದ ಹುಳ ಆರಿಸಿ ಎಸೆಯುತ್ತಿದ್ದಳು, ನನ್ನ ಶಿಬಿರದಲ್ಲಿ. ಎಷ್ಟು ನಕ್ಕೆನೆಂದರೆ ಚಪ್ಪಲಿ ಕೈಯಿಂದ ಬಿತ್ತು. ಅಮ್ಮನೂ ನಕ್ಕಳು. ಹೆಂಡತಿ ನಗಲಿಲ್ಲ.

ಸಂಜೆ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಾಗ ಹತ್ತಿರ ಹೋದೆ. “ಮೊದಲೇ ಒಂದು ಮಾತು ಹೇಳಬಾರದಿತ್ತಾ?”

“ಮಗ ಆಡ್ಕೊಂಡು ನಗ್ತಾನೆ, ಹೇಳ್ಬೇಡ ಅಂದಿದ್ರು ಅತ್ತೆ. ನೀವು ಕೇಳಿದ್ರೆ ಹೇಳ್ಬಿಡ್ತಿದ್ದೆ ರೀ. ನೀವು ಕೇಳ್ಲಿಲ್ಲ, ನನ್ನ ಫೋನು ನೋಡಿದ್ರಿ.”

“ಒಂದೇ ಒಂದು ಸಲ,” ಎಂದೆ.

“ಆರು ಸಲ,” ಎಂದಳು, ನನ್ನ ಅಂಗಿಯ ತೋಳನ್ನು ನೀಟಾಗಿ ಒಳಕ್ಕೆ ಮಡಚುತ್ತಾ.