ಶೈತ್ಯಾಗಾರದ ಬಾಯಿ

೨೦೧೮ರಲ್ಲಿ ನನಗೆ ನಲವತ್ತೆಂಟು ವರ್ಷ. ಶಾಲೆಯ ಮಾಸ್ತರಿಕೆ ಬಿಟ್ಟ ನನ್ನನ್ನು ಅಂಕೋಲೆಯ ಸಿಗಡಿ ಕಂಪನಿಯೊಂದು ನಿರ್ದೇಶಕನನ್ನಾಗಿ ಮಾಡಿಕೊಂಡಿತ್ತು. ಅದರ ಶೈತ್ಯಾಗಾರವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಕೇಣಿ ಊರಿನ ಹೆಂಗಸು, ನಮಗೆಲ್ಲ 'ಬಾಯಿ', ಪ್ರತಿ ಪೆಟ್ಟಿಗೆಯನ್ನೂ ಅಂಗೈಯಿಂದ ಮುಟ್ಟಿಯೇ ಹೊರಗೆ ಬಿಡುತ್ತಿದ್ದರು. "ಬಾಗ್ಲು ದಾಟದ್ದು ಮಾರಾಟ ಅಲ್ಲ" ಎನ್ನುತ್ತಿದ್ದರು.

ಮಾರ್ಚ್ ಕೊನೆಯ ದಿನ ಮಂಡಳಿಯ ಸಭೆಯಲ್ಲಿ, ವರ್ಷದ ಲಾಭ ಹೆಚ್ಚು ಕಾಣಲೆಂದು, ಒಳಗಿದ್ದ ಸಿಗಡಿಯನ್ನೂ ಮಾರಿದಂತೆ ತೋರಿಸಲು ಮ್ಯಾನೇಜರರು ಆಕೆಯ ಸಹಿ ಕೇಳಿದರು.

"ನಾಳೆ ಹೋಗೂದನ್ನ ಇವತ್ತು ಬರೆದ್ರೆ ಸಿಗಡಿಗೇನು ನೋವಾಗ್ತದಾ ಬಾಯೀ?"

"ಸಿಗಡಿಗಲ್ಲ, ನಮಗೆ. ಮಾಸ್ತರ್ರೇ, ನೀವಾದ್ರೂ ಹೇಳಿ."

ನಾನು ಕನ್ನಡಕ ಒರೆಸಿಕೊಂಡೆ. ಆಕೆಯ ಸಹಿ ಇಲ್ಲದೆಯೇ ಮಂಡಳಿ ಆ ಲೆಕ್ಕವನ್ನು ಒಪ್ಪಿತು. ಆಕೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಆ ಸಿಗಡಿಯನ್ನು ಕೊಳ್ಳಲು ಯಾರೂ ಬರಲಿಲ್ಲ. ಆದರೂ ತೋರಿಸಿದ ಲಾಭವನ್ನು ನಾವೇ ನಂಬಿ, ಸಾಲ ತಂದು ಇನ್ನೊಂದು ಶೈತ್ಯಾಗಾರ ಕಟ್ಟಿದೆವು. ಆ ಸಾಲ ತೀರಿಸಲಾಗದೆ ಕಂಪನಿಯನ್ನು ಮುಚ್ಚಲು ನಾನು ಕೈ ಎತ್ತಿದ್ದು ೨೦೨೩ರ ಜೂನ್ ೧೪, ಬುಧವಾರ.